ಸ್ಯಾಮ್ ಬೂಯಿ ಮಾಡಿದ ತಪ್ಪಾದರೂ ಏನು?

ಮೊದಲೇ ಹೇಳಿಬಿಡ್ತೀನಿ, ಇದು ಜಗಳದ ಬರಹ. 1984ರ ಎನ್‌ಬಿಎ ಡ್ರಾಫ್ಟ್ ಅಂದ ಕೂಡಲೇ "ಮೈಕೆಲ್ ಜೋರ್ಡಾನ್‌ನನ್ನು ಬಿಟ್ಟು ಯಾವನೋ ಸ್ಯಾಮ್ ಬೂಯಿಯನ್ನು ಆರಿಸಿಕೊಂಡ ದಡ್ಡರು" ಅಂತ ನಗುವವರ ಜೊತೆಗಿನ ಜಗಳ. (ಹೆಸರು ಬೂಯಿ. ಬೋವಿ ಅಲ್ಲ, ಬೌವಿ ಅಲ್ಲ. ನಗುವವರಿಗೆ ಹೆಸರಾದರೂ ಸರಿಯಾಗಿ ಹೇಳೋಕೆ ಬರಬೇಕಲ್ಲ!)

ನಮ್ಮ ಸಾಫ್ಟ್‌ವೇರ್ ಕಂಪನಿಗಳಲ್ಲಿ ಈ ಕತೆಗೆ ಭಾರೀ ಬೇಡಿಕೆ. ವರ್ಷಕ್ಕೊಮ್ಮೆ ಟೈ ಕಟ್ಟಿಕೊಂಡ ಟ್ರೈನರ್ ಒಬ್ಬರು ಬಂದು, ನಿರ್ಧಾರ ತಗೊಳ್ಳೋದು ಹೇಗೆ ಅಂತ ಕೊರೆದು, ಮಧ್ಯೆ ಒಂದು ಸ್ಲೈಡ್ ತೋರಿಸ್ತಾರೆ. ಒಂದು ಕಡೆ ಗಾಳಿಯಲ್ಲಿ ತೇಲುವ ಜೋರ್ಡಾನ್, ಇನ್ನೊಂದು ಕಡೆ ಊರುಗೋಲು ಹಿಡಿದ ಬೂಯಿ. ಎಲ್ಲರೂ ಹೋ ಅಂತ ನಗೋದು, ಆಮೇಲೆ ಸಮೋಸಾ. ಬ್ಯಾಸ್ಕೆಟ್‌ಬಾಲ್ ಗಂಧ ಗಾಳಿ ಇಲ್ಲದವರೂ ನಗ್ತಾರೆ. ನನಗೆ ಮೈ ಉರಿಯೋದು ಅಲ್ಲೇ.

ಗೊತ್ತಿಲ್ಲದವರಿಗೆ ಎರಡು ಮಾತು. ಡ್ರಾಫ್ಟ್ ಅಂದರೆ ನಮ್ಮ ಐಪಿಎಲ್ ಥರ ಹರಾಜಲ್ಲ. ಕಾಲೇಜಿಂದ ಬರುವ ಹುಡುಗರನ್ನು ತಂಡಗಳು ಸರದಿ ಪ್ರಕಾರ ಒಬ್ಬೊಬ್ಬರಂತೆ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಹೆಚ್ಚು ಸೋತವರಿಗೆ ಮೊದಲ ಪಂಕ್ತಿ. ಆಗಿನ ನಿಯಮದ ಪ್ರಕಾರ ಪೂರ್ವ ಮತ್ತು ಪಶ್ಚಿಮ ವಿಭಾಗಗಳ ಕಟ್ಟಕಡೆಯ ತಂಡಗಳ ನಡುವೆ ನಾಣ್ಯ ಚಿಮ್ಮಿ ಒಂದನೇ ಆಯ್ಕೆ ಯಾರದು, ಎರಡನೇ ಆಯ್ಕೆ ಯಾರದು ಅಂತ ತೀರ್ಮಾನಿಸುತ್ತಿದ್ದರು. 1984ರಲ್ಲಿ ಪಶ್ಚಿಮದಲ್ಲಿ ಕೊನೆಗೆ ಬಂದದ್ದು 29 ಗೆದ್ದು 53 ಸೋತ ಹ್ಯೂಸ್ಟನ್, ಪೂರ್ವದಲ್ಲಿ 26 ಗೆದ್ದು 56 ಸೋತ ಇಂಡಿಯಾನಾ. ಆದರೆ ಇಂಡಿಯಾನಾದ ಆಯ್ಕೆ ಆಗಲೇ ಪೋರ್ಟ್‌ಲೆಂಡ್ ಕೈಯಲ್ಲಿತ್ತು. ಅದು ಹೇಗೆ ಬಂತು ಅನ್ನೋದನ್ನ ಕೊನೆಗೆ ಹೇಳ್ತೀನಿ, ಅದೇ ಒಂದು ಮಜಾ.

ನಾಣ್ಯ ಹ್ಯೂಸ್ಟನ್ ಕಡೆ ಬಿತ್ತು. ಜೂನ್ 19ರಂದು ನ್ಯೂಯಾರ್ಕಿನಲ್ಲಿ ಅವರು ನೈಜೀರಿಯಾದ ಲಾಗೋಸಿನಿಂದ ಬಂದಿದ್ದ ಹಕೀಂ ಒಲಾಜುವಾನ್‌ನನ್ನು ಆರಿಸಿದರು. ಎರಡನೆಯದಾಗಿ ಪೋರ್ಟ್‌ಲೆಂಡ್ ಬೂಯಿಯನ್ನು, ಮೂರನೆಯದಾಗಿ ಶಿಕಾಗೋ ಜೋರ್ಡಾನ್‌ನನ್ನು.

ಇಲ್ಲಿ ಒಂದು ಪ್ರಶ್ನೆ. ನಾಣ್ಯ ಇನ್ನೊಂದು ಮಗ್ಗುಲಿಗೆ ಬಿದ್ದಿದ್ದರೆ? ಪೋರ್ಟ್‌ಲೆಂಡ್ ಕಣ್ಣು ಮುಚ್ಚಿ ಒಲಾಜುವಾನ್‌ನನ್ನು ಆರಿಸುತ್ತಿತ್ತು. ಆತ ಆಮೇಲೆ 1994 ಮತ್ತು 1995ರಲ್ಲಿ ಹ್ಯೂಸ್ಟನ್‌ಗೆ ಎರಡು ಚಾಂಪಿಯನ್‌ಷಿಪ್ ತಂದುಕೊಟ್ಟವನು. ಅವನ 3830 ಬ್ಲಾಕ್‌ಗಳ ದಾಖಲೆ ಮುರಿಯೋಕೆ ಯಾರಿಂದಲೂ ಆಗಿಲ್ಲ. ಆಗಲೂ ಪೋರ್ಟ್‌ಲೆಂಡಿನವರು ಜೋರ್ಡಾನ್‌ನನ್ನು ಬಿಟ್ಟೇ ಇರುತ್ತಿದ್ದರು, ಆದರೂ ಮಹಾ ಮೇಧಾವಿಗಳು ಅನ್ನಿಸಿಕೊಳ್ಳುತ್ತಿದ್ದರು. ಅದೇ ಜನ, ಅದೇ ತಲೆ, ಅದೇ "ಎತ್ತರದವನೇ ಬೇಕು" ಅನ್ನುವ ಲೆಕ್ಕಾಚಾರ. ನಡುವೆ ಇರೋದು ಒಂದು ನಾಣ್ಯ. ಇದರಲ್ಲಿ ದಡ್ಡತನ ಎಲ್ಲಿಂದ ಬಂತು ಮಾರಾಯ್ರೇ?

ಆ ಲೆಕ್ಕಾಚಾರವನ್ನೂ ಸ್ವಲ್ಪ ನೋಡೋಣ. ಪೋರ್ಟ್‌ಲೆಂಡ್ ಹಿಂದಿನ ವರ್ಷ 48 ಪಂದ್ಯ ಗೆದ್ದ ತಂಡ, ಸೋತು ಸುಣ್ಣವಾದದ್ದಲ್ಲ. ಜೋರ್ಡಾನ್ ಆಡುವ ಜಾಗದಲ್ಲಿ ಅವರ ಬಳಿ ಆಲ್‌ಸ್ಟಾರ್ ಜಿಮ್ ಪ್ಯಾಕ್ಸನ್ ಇದ್ದ. ಜೊತೆಗೆ 1983ರಲ್ಲಷ್ಟೇ ಆರಿಸಿಕೊಂಡಿದ್ದ ಕ್ಲೈಡ್ ಡ್ರೆಕ್ಸ್‌ಲರ್ ಅನ್ನುವ ಹುಡುಗ. ಆಮೇಲೆ ಅವನೂ ದೊಡ್ಡ ಹೆಸರೇ ಆದ. ಇತ್ತ ತಮ್ಮ ಸೆಂಟರ್ ವೇಯ್ನ್ ಕೂಪರ್‌ನನ್ನು ಅದೇ ಜೂನ್ ತಿಂಗಳಲ್ಲಿ ಡೆನ್ವರ್‌ಗೆ ಕೊಟ್ಟು ಕೂತಿದ್ದರು. ಪೋರ್ಟ್‌ಲೆಂಡ್ ಗೆದ್ದಿದ್ದ ಒಂದೇ ಒಂದು ಚಾಂಪಿಯನ್‌ಷಿಪ್ 1977ರದ್ದು, ಅದೂ ಬಿಲ್ ವಾಲ್ಟನ್ ಅನ್ನುವ ಸೆಂಟರ್ ದೆಸೆಯಿಂದ. 1983ರಲ್ಲಿ ಫಿಲಡೆಲ್ಫಿಯಾ ಗೆದ್ದದ್ದು ಮೋಸೆಸ್ ಮಲೋನ್ ಅನ್ನುವ ಸೆಂಟರ್‌ನಿಂದ. 7 ಅಡಿ 1 ಇಂಚಿನ, ಪಾಸ್ ಕೊಡೋಕೂ ಬರುವ, ಕೆಂಟಕಿ ಕಾಲೇಜನ್ನು ಆ ವರ್ಷ ಫೈನಲ್ ಫೋರ್‌ವರೆಗೆ ಕರೆದೊಯ್ದ ತಂಡದ ಹುಡುಗ ಎದುರಿಗೆ ನಿಂತಿದ್ದಾನೆ. ನೀವಾಗಿದ್ದರೆ ಏನು ಮಾಡ್ತಿದ್ದಿರಿ?

ಜೋರ್ಡಾನ್‌ನನ್ನು ಪಡೆದ ಶಿಕಾಗೋದವರೇ ಅವತ್ತು ಕುಣಿದು ಕುಪ್ಪಳಿಸಲಿಲ್ಲ ಸ್ವಾಮೀ. ಅಲ್ಲಿನ ಮ್ಯಾನೇಜರ್ ರಾಡ್ ಥಾರ್ನ್, ಇವನು 7 ಅಡಿ ಇದ್ದಿದ್ದರೆ ಚೆನ್ನಾಗಿತ್ತು, ಸೆಂಟರ್ ಯಾರೂ ಸಿಗಲಿಲ್ಲ, ಏನು ಮಾಡೋದು, ಇವನೊಬ್ಬನಿಂದ ತಂಡದ ಹಣೆಬರಹ ಬದಲಾಗೋದಿಲ್ಲ ಅನ್ನೋ ಅರ್ಥದಲ್ಲಿ ಪತ್ರಿಕೆಯವರಿಗೆ ಹೇಳಿದ. ಆರು ಚಾಂಪಿಯನ್‌ಷಿಪ್ ಬಂದ ಮೇಲೆ ಅದು ದೂರದೃಷ್ಟಿ ಆಯ್ತು!

ಇನ್ನು ಬಾಬಿ ನೈಟ್ ವಿಷಯ. ಆ ವರ್ಷದ ಅಮೆರಿಕದ ಒಲಿಂಪಿಕ್ ತಂಡದ ಕೋಚ್. ಜೋರ್ಡಾನ್‌ನನ್ನೇ ತಗೊಳ್ಳಿ, ಸೆಂಟರ್ ಬೇಕಾದರೆ ಅವನನ್ನೇ ಅಲ್ಲಿ ಆಡಿಸಿ ಅಂತ ಪೋರ್ಟ್‌ಲೆಂಡಿನವರಿಗೆ ಹೇಳಿದನಂತೆ. ಈ ಕತೆ ಎಲ್ಲ ಕಡೆ ಓಡಾಡುತ್ತೆ. ಸರಿ, ಒಪ್ಪಿಕೊಳ್ಳೋಣ. ಆದರೆ ಅದೇ ನೈಟ್ ಅದೇ ಬೇಸಿಗೆಯಲ್ಲಿ ಆಯ್ಕೆ ಶಿಬಿರದಿಂದ ಮನೆಗೆ ಕಳಿಸಿದವರು ಯಾರು ಗೊತ್ತಾ? ಚಾರ್ಲ್ಸ್ ಬಾರ್ಕ್ಲಿ ಮತ್ತು ಜಾನ್ ಸ್ಟಾಕ್ಟನ್! ಒಬ್ಬ ಅದೇ ಡ್ರಾಫ್ಟಿನ ಐದನೆಯವನು, 1993ರಲ್ಲಿ ಲೀಗಿನ ಅತ್ಯುತ್ತಮ ಆಟಗಾರ. ಇನ್ನೊಬ್ಬ ಹದಿನಾರನೆಯವನು, 19 ವರ್ಷ ಆಡಿ 15,806 ಅಸಿಸ್ಟ್ ಮಾಡಿದವನು, ಆ ಸಂಖ್ಯೆಯ ಹತ್ತಿರಕ್ಕೂ ಯಾರೂ ಬಂದಿಲ್ಲ. ನೈಟ್ ತಂಡ ಚಿನ್ನ ಗೆದ್ದಿತು, ಹಾಗಾಗಿ ಯಾರೂ ಕೇಳಲಿಲ್ಲ. ಗೆದ್ದವನ ತಪ್ಪು ಮುಚ್ಚಿಹೋಯ್ತು.

ಸ್ಟಾಕ್ಟನ್ ಬಗ್ಗೆ ಹೇಳ್ತಾ ಇದ್ದರೆ ಇಡೀ ದಿನ ಹೇಳಬಹುದು. ಗೊಂಜಾಗಾ ಅನ್ನುವ ಆಗ ಯಾರಿಗೂ ಗೊತ್ತಿಲ್ಲದ ಕಾಲೇಜಿನವನು. ಅವನಿಗಿಂತ ಮುಂಚೆ 15 ಹೆಸರು ಕೂಗಿದರು. ಆ 15ರಲ್ಲಿ ಲಿಯಾನ್ ವುಡ್ ಕೂಡ ಇದ್ದ. ಅವನು ಮುಂದೆ ಆಟಗಾರನಿಗಿಂತ ರೆಫರಿಯಾಗಿ ಹೆಚ್ಚು ಕಾಲ ಅಂಗಣದಲ್ಲಿ ಓಡಾಡಿದ. ಬ್ರೆಜಿಲ್ಲಿನ ಆಸ್ಕರ್ ಶ್ಮಿಟ್‌ನಂಥ ಆಟಗಾರನ ಹೆಸರು ಬಂದದ್ದು 131ನೆಯದಾಗಿ. ಹತ್ತನೇ ಸುತ್ತಿನಲ್ಲಿ ಶಿಕಾಗೋದವರು ಓಟಗಾರ ಕಾರ್ಲ್ ಲೂಯಿಸ್ ಹೆಸರನ್ನೂ ಕೂಗಿಬಿಟ್ಟರು. ಇಷ್ಟು ಮಂದಿ ಇಷ್ಟು ಜನರನ್ನು ಕೈಬಿಟ್ಟಿರುವಾಗ, ಬೈಗುಳ ಯಾಕೆ ಒಬ್ಬನ ಹೆಸರಿಗೆ ಮಾತ್ರ?

ಕಾಲಿನ ವಿಷಯಕ್ಕೆ ಬರ್ತೀನಿ, ಎದುರು ವಾದದಲ್ಲಿ ಗಟ್ಟಿಯಾದದ್ದು ಅದೊಂದೇ. ಬೂಯಿ ಕಾಲೇಜಿನಲ್ಲಿ ಎಡಗಾಲಿನ ಮೂಳೆ ಬಿರುಕಿನಿಂದ ಎರಡು ಇಡೀ ವರ್ಷ ಆಡಿರಲಿಲ್ಲ. ಅದು ಪೋರ್ಟ್‌ಲೆಂಡಿಗೆ ಗೊತ್ತಿತ್ತು. ಗಂಟೆಗಟ್ಟಲೆ ಪರೀಕ್ಷೆ ಮಾಡಿಸಿದರು. ಡಾಕ್ಟರುಗಳು ಆಗಬಹುದು ಅಂದರು. 2012ರ ಸಾಕ್ಷ್ಯಚಿತ್ರವೊಂದರಲ್ಲಿ ಬೂಯಿಯೇ ಹೇಳಿಕೊಂಡ: ಪುಟ್ಟ ಸುತ್ತಿಗೆಯಿಂದ ಎಡಗಾಲಿಗೆ ತಟ್ಟಿದಾಗ ನೋವಾಗುತ್ತಿತ್ತು, ಆದರೂ ಏನೂ ಅನ್ನಿಸ್ತಿಲ್ಲ ಅಂದುಬಿಟ್ಟೆ, ಮನೆಯವರಿಗೆ ನನ್ನ ದುಡಿಮೆ ಬೇಕಿತ್ತು ಅಂತ. ಕೆಲವರು ಇದನ್ನು ಹಿಡಿದುಕೊಂಡು "ನೋಡಿ, ಮೋಸಗಾರ" ಅಂದರು. ಈ ಮಾತನ್ನು ಕ್ಯಾಂಪಸ್ ಇಂಟರ್‌ವ್ಯೂ ದಾಟಿ ಬಂದ ನಮ್ಮವರ ಬಾಯಲ್ಲಿ ಕೇಳಿದಾಗ ನಗು ಬರುತ್ತೆ. ಸಿ ಪ್ಲಸ್ ಪ್ಲಸ್‌ನಲ್ಲಿ ಪರಿಣತ, ರಾತ್ರಿ ಪಾಳಿ ಇಷ್ಟ, ಯಾವ ಊರಿಗಾದರೂ ಹೋಗ್ತೀನಿ... ಮನೆಯಲ್ಲಿ ಸಾಲ ಇರುವ ಹುಡುಗ ಏನೇನು ಹೇಳ್ತಾನೆ ಅಂತ ನಮಗೆ ಗೊತ್ತಿಲ್ವಾ? ಕಾಲಿನ ಎಕ್ಸ್‌ರೇ ಓದಬೇಕಾದವರು ಡಾಕ್ಟರು, ಸಹಿ ಹಾಕಬೇಕಾದವರು ಮ್ಯಾನೇಜರು. 23ರ ಹುಡುಗ "ನೋವಿಲ್ಲ" ಅಂದದ್ದನ್ನೇ ನಂಬಿ ಲಕ್ಷಾಂತರ ಡಾಲರ್ ಸುರಿದಿದ್ದರೆ ಅದು ಅವರ ಕೆಲಸದ ಲೋಪ.

ಇಷ್ಟಕ್ಕೂ ಅವನು ಆಡಲೇ ಇಲ್ವಾ? ಮೊದಲ ವರ್ಷ 76 ಪಂದ್ಯ, ಸರಾಸರಿ 10 ಪಾಯಿಂಟ್, 8.6 ರೀಬೌಂಡ್. ಹೊಸಬರ ಅತ್ಯುತ್ತಮ ತಂಡದಲ್ಲಿ ಅವನ ಹೆಸರಿತ್ತು. ಎರಡನೇ ವರ್ಷ 38 ಪಂದ್ಯಕ್ಕೆ ಎಡಗಾಲು ಕೈಕೊಟ್ಟಿತು. ಮೂರನೇ ವರ್ಷ ಐದನೇ ಪಂದ್ಯದಲ್ಲಿ ಮುರಿದದ್ದು ಬಲಗಾಲು, ಎಲ್ಲರೂ ಹೆದರಿದ್ದ ಎಡಗಾಲಲ್ಲ! ಮರುವರ್ಷ ಅದೇ ಬಲಗಾಲು ಮತ್ತೆ ಮುರಿದು ಒಂದು ಪಂದ್ಯವೂ ಇಲ್ಲ. ಇನ್ನೊಂದು ಕಡೆ ಜೋರ್ಡಾನ್. ಎರಡನೇ ವರ್ಷದ ಮೂರನೇ ಪಂದ್ಯದಲ್ಲೇ ಅವನ ಎಡಪಾದದ ಮೂಳೆ ಮುರಿಯಿತು, 64 ಪಂದ್ಯ ಹೋಯ್ತು. ಅವನ ಮೂಳೆ ಕೂಡಿಕೊಂಡಿತು, ಇವನದ್ದು ಕೂಡಿಕೊಳ್ಳಲಿಲ್ಲ. ಇದಕ್ಕೆ ಟ್ರೈನರ್ ಬಳಿ ಸ್ಲೈಡ್ ಇದ್ದರೆ ನೋಡೋಣ.

ಅಷ್ಟೆಲ್ಲ ಆದ ಮೇಲೂ ಬೂಯಿ ನ್ಯೂಜೆರ್ಸಿಗೆ ಹೋಗಿ ನಾಲ್ಕು ವರ್ಷದಲ್ಲಿ 280 ಪಂದ್ಯ ಆಡಿದ, ಆಮೇಲೆ ಲಾಸ್ ಏಂಜಲೀಸ್‌ನಲ್ಲಿ ಎರಡು ವರ್ಷ. ಒಟ್ಟು 511 ಪಂದ್ಯ. ಎರಡೂ ಕಾಲು ಮುರಿದುಕೊಂಡವನು! ಅವನನ್ನೂ ಒಂದು ಆಯ್ಕೆಯನ್ನೂ ಕೊಟ್ಟು ಪೋರ್ಟ್‌ಲೆಂಡ್ ತಂದುಕೊಂಡದ್ದು ಬಕ್ ವಿಲಿಯಮ್ಸ್‌ನನ್ನು. ಆ ವಿಲಿಯಮ್ಸ್ ಜೊತೆಗೆ, ಇದೇ "ದಡ್ಡರು" ಇದೇ 1984ರಲ್ಲಿ 46ನೆಯದಾಗಿ ಹೆಕ್ಕಿದ್ದ ಜೆರೋಮ್ ಕೆರ್ಸಿಯೂ ಇದ್ದ ತಂಡ 1990ರಲ್ಲಿ, 1992ರಲ್ಲಿ ಫೈನಲ್ ತಲುಪಿತು. 1992ರಲ್ಲಿ ಸೋತದ್ದು ಜೋರ್ಡಾನ್‌ನ ಶಿಕಾಗೋಗೆ, ಹೌದು. ಅವನಿಗೆ ಸೋಲದವರು ಆಗ ಯಾರಿದ್ದರು? ಬಾರ್ಕ್ಲಿ 1993ರಲ್ಲಿ ಸೋತ, ಸ್ಟಾಕ್ಟನ್ 1997ರಲ್ಲೂ 1998ರಲ್ಲೂ ಸೋತ, ನಾಲ್ಕನೆಯವನಾಗಿ ಆಯ್ಕೆಯಾಗಿದ್ದ ಸ್ಯಾಮ್ ಪರ್ಕಿನ್ಸ್ ಎರಡು ಬೇರೆ ಬೇರೆ ತಂಡಗಳಲ್ಲಿದ್ದು 1991 ಮತ್ತು 1996ರಲ್ಲಿ ಸೋತ.

2007ರಲ್ಲಿ ಅದೇ ಪೋರ್ಟ್‌ಲೆಂಡ್ ಕೆವಿನ್ ಡುರಾಂಟ್‌ನನ್ನು ಬಿಟ್ಟು ಗ್ರೆಗ್ ಓಡನ್ ಅನ್ನುವ ಸೆಂಟರ್‌ನನ್ನು ಆರಿಸಿ, ಅವನ ಮೊಣಕಾಲೂ ಹೋದಾಗ ಜಗತ್ತೇ ಮತ್ತೊಮ್ಮೆ ನಕ್ಕಿತು. ಆಗಲೂ ಎಳೆದು ತಂದದ್ದು ಬೂಯಿ ಹೆಸರನ್ನೇ. ನಿವೃತ್ತನಾಗಿ ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ ರೇಸ್ ಕುದುರೆ ಸಾಕಿಕೊಂಡು ತನ್ನ ಪಾಡಿಗೆ ತಾನಿದ್ದವನನ್ನು!

ಈಗ ಇಂಡಿಯಾನಾ ಕತೆ. ನಗಲೇಬೇಕು ಅಂತ ಹಟ ಇರುವವರು ಇಲ್ಲಿ ನಗಬಹುದು. ಒಲಾಜುವಾನ್ ಅಥವಾ ಜೋರ್ಡಾನ್ ಸಿಗಬಹುದಾಗಿದ್ದ ಆ ಆಯ್ಕೆಯನ್ನು ಅವರು ಮೂರು ವರ್ಷ ಮೊದಲೇ, 1981ರಲ್ಲಿ, ಪೋರ್ಟ್‌ಲೆಂಡಿಗೆ ಬರೆದುಕೊಟ್ಟಿದ್ದರು. ಬದಲಿಗೆ ಪಡೆದದ್ದು ಟಾಮ್ ಓವೆನ್ಸ್ ಅನ್ನುವ, ಮೂವತ್ತು ದಾಟಿದ ಒಬ್ಬ ಆಟಗಾರನನ್ನು. ಓವೆನ್ಸ್ ಅಲ್ಲಿ ಆಡಿದ್ದು ಒಂದೇ ಒಂದು ವರ್ಷ. ಈ ವಿಷಯ ಯಾವ ಸ್ಲೈಡಿನಲ್ಲೂ ಬಂದದ್ದನ್ನು ನಾನು ನೋಡಿಲ್ಲ.