ಗೊತ್ತಿದ್ದೂ ಕೇಡು ಮಾಡುವುದೇಕೆ?

ಸದ್ಭಕ್ತರೇ, ಮನುಷ್ಯ ತಿಳಿಯದೆ ಕೆಟ್ಟದ್ದು ಮಾಡುತ್ತಾನೆಂಬ ಮಾತನ್ನು ನಾವು ಪೂರ್ತಿ ಒಪ್ಪುವುದಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳನ್ನು ನೋಡಿರಿ. ತಂದೆತಾಯಿಯರ ಮಾತು ಕೇಳಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕೆಂದು ಅಶೋಕ ಚಕ್ರವರ್ತಿ 2,200 ವರ್ಷಗಳಿಗೂ ಹಿಂದೆಯೇ ಅಲ್ಲಿ ಕೆತ್ತಿಸಿದ್ದಾನೆ. ಅದಕ್ಕೂ ಮುನ್ನ ಕಳಿಂಗದಲ್ಲಿ ಲಕ್ಷ ಜನರನ್ನು ಕೊಲ್ಲಿಸಿದವನೂ ಅವನೇ. ಅರಸರ ಬಾಯಲ್ಲಿ ಅದು ಕೊಲೆಯಲ್ಲ, ದಿಗ್ವಿಜಯ!

ಕೇಡಿನ ಗುಟ್ಟು ಇಲ್ಲಿದೆ. ಮನಸ್ಸು ಮೊದಲು ಕೆಟ್ಟ ಕೆಲಸಕ್ಕೆ ಒಳ್ಳೆಯ ಹೆಸರಿಡುತ್ತದೆ. ಆಮೇಲೆ ಕೈ ಮುಂದಾಗುತ್ತದೆ. ಚಳ್ಳಕೆರೆಯ ಶೇಂಗಾ ತೂಕದಲ್ಲಿ ರೈತನಿಗೆ ಮೋಸ ಮಾಡಿದವನು ಅದನ್ನು ವ್ಯಾಪಾರವೆನ್ನುತ್ತಾನೆ. ವೇದಾವತಿಯ ಮರಳು ಕದ್ದವನು ‘ಎಲ್ಲರೂ ಒಯ್ಯುತ್ತಾರೆ’ ಎನ್ನುತ್ತಾನೆ. ಕೃತಕ ನೂಲಿನ ಸೀರೆಯನ್ನು ಮೊಳಕಾಲ್ಮೂರು ರೇಷ್ಮೆಯೆಂದು ಮಾರುವವನು ಹೊಟ್ಟೆಪಾಡೆನ್ನುತ್ತಾನೆ. ಸೊಸೆಯನ್ನು ಹಣಕ್ಕಾಗಿ ಪೀಡಿಸುವವರು ಪದ್ಧತಿಯೆನ್ನುತ್ತಾರೆ.

ಶಿವಾಂಶವಾದ ಜೀವ ‘ನಾನು, ನನ್ನದು’ ಎಂದು ಕುಗ್ಗುವುದನ್ನೇ ಹಿರಿಯರು ಆಣವಮಲವೆಂದರು. ಹಾಗೆ ಕುಗ್ಗಿದವನಿಗೆ ಎದುರಿನವರ ನೋವು ಕಾಣದು.

ಅಶೋಕನಾದರೋ ಕಳಿಂಗದ ಸಾವುಗಳನ್ನೂ ತನ್ನ ಪಶ್ಚಾತ್ತಾಪವನ್ನೂ ಮತ್ತೊಂದು ಶಾಸನದಲ್ಲಿ ಮುಚ್ಚುಮರೆಯಿಲ್ಲದೆ ಬರೆಸಿದ. ನೀವೂ ಯಾವ ಕೆಲಸಕ್ಕೇ ಆಗಲಿ ಕೈಹಾಕುವ ಮುನ್ನ ಅದರ ನಿಜವಾದ ಹೆಸರನ್ನು ಗಟ್ಟಿಯಾಗಿ ಹೇಳಿಕೊಳ್ಳಿರಿ. ನಾಲಿಗೆ ಕಳವನ್ನು ಕಳವೆಂದೇ ಕರೆದರೆ ಕೈ ತಾನಾಗಿ ಅಂಜುತ್ತದೆ.