ಮೌನವು ಅಜ್ಞಾನವಲ್ಲ

ವಕೀಲಿ ವೃತ್ತಿಯ ನಡುವೆ ಕಾನೂನು ಕಾಲೇಜೊಂದರಲ್ಲಿ ವಾರಕ್ಕೆರಡು ದಿನ ಪಾಠ ಹೇಳುತ್ತೇನೆ. ನಮ್ಮ ಕಾಸರಗೋಡಿನ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿನಿಯೊಬ್ಬಳು ತಿಂಗಳುಗಟ್ಟಲೆ ತರಗತಿಯಲ್ಲಿ ಬಾಯಿ ತೆರೆದಿರಲಿಲ್ಲ. ಆಸಕ್ತಿಯಿಲ್ಲವೆಂದೇ ನಾನು ಎಣಿಸಿದ್ದೆ.

ಕೇಶವಾನಂದ ಭಾರತಿ ಪ್ರಕರಣದ ಪಾಠದಂದು ಇಂಗ್ಲಿಷಿನಲ್ಲಿ ಪ್ರಶ್ನಿಸಿದೆ, ಎಂದಿನ ಮೌನ. ಬಳಿಕ ಕನ್ನಡದಲ್ಲಿ ಕೇಳಿದೆ: “ನಮ್ಮ ಎಡನೀರು ಮಠದ ಸ್ವಾಮೀಜಿಯವರು ಭೂಸುಧಾರಣೆಯ ಕಾನೂನನ್ನು ಪ್ರಶ್ನಿಸಿದರಲ್ಲ, ಆ ತೀರ್ಪು ಸಂಸತ್ತಿಗೆ ಏನು ಹೇಳಿತು?” ಆಕೆ ಎದ್ದು ನಿಂತಳು. “ಮನೆಯನ್ನು ದುರಸ್ತಿ ಮಾಡಬಹುದು ಸರ್, ಪಂಚಾಂಗವನ್ನು ಕೀಳಬಾರದು.” 1973ರಲ್ಲಿ 13 ನ್ಯಾಯಮೂರ್ತಿಗಳ ಪೀಠವು ಬಹುಮತದಿಂದ ಸಾರಿದ ತತ್ತ್ವದ ತಿರುಳು ಅದೇ ಆಗಿತ್ತು. ತಪ್ಪು ಎಣಿಕೆ ನನ್ನದಾಗಿತ್ತು.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯ ಬೋಧನಾ ಸೌಕರ್ಯವನ್ನು ಸಂವಿಧಾನದ 350ಎ ವಿಧಿಯು ಪ್ರಾಥಮಿಕ ಹಂತಕ್ಕೆ ಮಾತ್ರ ಹೇಳುತ್ತದೆ. ಕಾಲೇಜಿನಲ್ಲಿ ಆ ಹೊಣೆ ಅಧ್ಯಾಪಕನದು. ಈಗ ನಾನು ಪ್ರಶ್ನೆ ಕೇಳಿದೊಡನೆ ಉತ್ತರ ಬಯಸುವುದಿಲ್ಲ. ಐದು ನಿಮಿಷ ಪಕ್ಕದವರೊಡನೆ ಅವರವರ ಭಾಷೆಯಲ್ಲಿ ಚರ್ಚಿಸಲು ಬಿಡುತ್ತೇನೆ. ಅನಂತರ ಅದನ್ನೇ ಇಂಗ್ಲಿಷಿನಲ್ಲಿ ಹೇಳಿಸುತ್ತೇನೆ. ಪರೀಕ್ಷೆಯೂ ತೀರ್ಪುಗಳೂ ಇಂಗ್ಲಿಷಿನಲ್ಲಿರುವಾಗ ಈ ಎರಡನೆಯ ಹೆಜ್ಜೆಯನ್ನು ಬಿಡುವಂತಿಲ್ಲ.

ಪೋಷಕರಲ್ಲಿ ನನ್ನ ಅರಿಕೆಯಿಷ್ಟೆ: ಕಾಲೇಜಿನ ಮೊದಲ ವರ್ಷ ನಿಮ್ಮ ಮಕ್ಕಳು ಮೌನವಾಗಿದ್ದರೆ ಕನ್ನಡ ಶಾಲೆಗೆ ಕಳುಹಿದ್ದೇ ತಪ್ಪಾಯಿತೆಂದು ಅವರೆದುರು ಆಡದಿರಿ. ಸಂಜೆ ಅಂದಿನ ಪಾಠವನ್ನು ಕನ್ನಡದಲ್ಲಿ ಹೇಳಿಸಿ ಕೇಳಿರಿ. ನಿಮಗೆ ಅರ್ಥವಾಗುವಂತೆ ಹೇಳಬಲ್ಲವರಿಗೆ ವಿಷಯ ತಿಳಿದಿದೆ. ಉಳಿದಿರುವುದು ಭಾಷೆಯ ಅಭ್ಯಾಸ ಮಾತ್ರ.