ಗೋಡೆ ನೆನೆಯುವ ಮುನ್ನ

ಬರದ ನಾಡೆಂದೇ ಹೆಸರಾದ ಕೋಲಾರ ಜಿಲ್ಲೆಯಲ್ಲಿ 2021ರ ನವೆಂಬರ್ ತಿಂಗಳ ಮಳೆಗೆ ಕೆರೆಗಳು ಕೋಡಿ ಹರಿದವು, ಮನೆಗಳೂ ಕುಸಿದವು. ಹೋಳೂರಿನಂಥ ಊರುಗಳಲ್ಲಿ ಹಳೆಯ ಮಣ್ಣಿನ ಮನೆಗೆ ಹೊಸ ಕೋಣೆ ಕೂಡಿಸುವವರು ಇದನ್ನು ಮರೆಯಲಾಗದು.

ಅಪಾಯವಿರುವುದು ಹಳೆಯದೂ ಹೊಸದೂ ಸೇರುವ ಸಂದಿನಲ್ಲಿ. ಹೊಸ ಕೋಣೆಗೆ ಸೂರಿಲ್ಲದಿರುವಾಗ ಹಳೆಯ ಮಾಳಿಗೆಯ ನೀರು ಅಲ್ಲಿಗೇ ಇಳಿಯುತ್ತದೆ; ತೆರೆದ ಪಾಯದಲ್ಲಿ ನಿಲ್ಲುತ್ತದೆ. ಬುಡ ನೆನೆದ ಮಣ್ಣುಗೋಡೆ ತನ್ನ ಭಾರವನ್ನೇ ಹೊರಲಾರದು.

ಆದ್ದರಿಂದ ಪಾಯವನ್ನು ತೋಡಿದೊಡನೆ ಕಟ್ಟಿ ಮುಚ್ಚಬೇಕು. ನೀರು ಹೊರಕ್ಕೆ ಹರಿಯುವಂತೆ ಕಾಲುವೆ ತೆಗೆಯಬೇಕು. ಅರ್ಧ ಎದ್ದ ಗೋಡೆಯ ತಲೆಗೆ ಟಾರ್ಪಾಲನ್ನು ಇಳಿಜಾರಾಗಿ ಹೊದಿಸಬೇಕು. ಹೊಸ ಸೂರು ಮುಗಿಯುವವರೆಗೆ ನಡುಗೋಡೆಯಲ್ಲಿ ಬಾಗಿಲು ಒಡೆಯಬಾರದು.

ಮಲೆನಾಡಿನ ಹಿರಿಯರು ಮಳೆಗಾಲಕ್ಕೆ ಮುನ್ನ ಸೋಗೆಯ ತಟ್ಟಿ ಕಟ್ಟಿ ಗೋಡೆಗಳನ್ನು ಕಾಯುತ್ತಿದ್ದರು. ಬಯಲುಸೀಮೆಯಲ್ಲಿ ಹೆಣೆದ ತೆಂಗಿನ ಗರಿ ಆ ಕೆಲಸ ಮಾಡಬಲ್ಲದು. ಕೆಲಸ ಮುಗಿದ ಮೇಲೆ ಗೊಬ್ಬರವೂ ಆಗಬಲ್ಲದು.

ಕೋಲಾರದ ಮಳೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿಯೇ ಹೆಚ್ಚು. ಸುಗ್ಗಿ ಕಳೆದು ಜನವರಿಯಲ್ಲಿ ಕೆಲಸ ಹಿಡಿಯುವುದು ವಿವೇಕ. ಕಾಯಲಾಗದವರಿಗೆ ನಮ್ಮದೊಂದೇ ವಿನಂತಿ: ಗೋಡೆ ನೆನೆದ ರಾತ್ರಿ ಮಕ್ಕಳನ್ನೂ ವೃದ್ಧರನ್ನೂ ಅದರ ಬಳಿ ಮಲಗಿಸದಿರಿ. ಬಿದ್ದ ಗೋಡೆಯನ್ನು ಮತ್ತೆ ಎಬ್ಬಿಸಬಹುದು. ಹೋದ ಜೀವವನ್ನು ಎಬ್ಬಿಸಲಾಗದು.